ನಿಂತಲ್ಲೇ ನಡುಗುವ ಇಂಜಿನ್

ರಸ್ತೆಯಲ್ಲಿ ಓಡುವಾಗ ಯಾವ ತಕರಾರೂ ಇಲ್ಲ. ಗಾಡಿ ನಿಂತರೆ ಸಾಕು, ಇಂಜಿನ್ ನಡುಗಲು ಶುರು. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನೋ ಲೆಕ್ಕ) ತೋರಿಸುವ ಮುಳ್ಳು ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ಇಂಜಿನ್ ಆಫ್ ಆಗಿಯೇ ಬಿಡುತ್ತದೆ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಇದರ ರಿಪೇರಿ ಮಾತ್ರ ಎಷ್ಟೋ ಸಲ ಬರೀ ಅಂದಾಜಿನ ಮೇಲೆ ನಡೆಯುತ್ತದೆ. ಮೊದಲು ಕಿಡಿ ಹಾರಿಸುವ ಪ್ಲಗ್ ಬದಲಿಸುತ್ತಾರೆ, ಆಮೇಲೆ ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್, ಆಮೇಲೆ ಯಾವುದೋ ಸೆನ್ಸರ್. ಬಿಲ್ ಬೆಳೆಯುತ್ತದೆ, ನಡುಕ ಹಾಗೇ ಉಳಿಯುತ್ತದೆ. ಇದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ನಡುಕ ಯಾವಾಗ ಬರುತ್ತದೆ, ಯಾವ ಲಯದಲ್ಲಿ ಬರುತ್ತದೆ ಅಂತ ಗಮನಿಸಿದರೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಐಡ್ಲಿಂಗ್‌ನಲ್ಲೇ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗಲೇ, ಯಾಕೆ ಈ ಕಾಟ? ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್, ಅಂದರೆ ಗಾಳಿ ಬಿಡುವ ಬಾಗಿಲು, ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಒಳಗೆ ಹೋಗುವ ಗಾಳಿ ತುಂಬಾ ಕಡಿಮೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಜೊತೆಗೆ, ಇಂಜಿನ್ ಜೊತೆ ಸುತ್ತುವ ಭಾರದ ಚಕ್ರವಾದ ಫ್ಲೈವೀಲ್‌ನಲ್ಲಿ ಕೂಡಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 2,400 ಆರ್‌ಪಿಎಂನಲ್ಲಿ ಇರುವ ಶಕ್ತಿಯ ಒಂಬತ್ತನೇ ಒಂದು ಭಾಗ ಮಾತ್ರ 800ರಲ್ಲಿ ಇರುತ್ತದೆ. ನಿಧಾನಕ್ಕೆ ಹೋಗುವ ಸೈಕಲ್ ಸಣ್ಣ ಕಲ್ಲಿಗೂ ವಾಲುತ್ತದಲ್ವಾ, ಹಾಗೆಯೇ ಇದು. ವೇಗದಲ್ಲಿ ಗೊತ್ತೇ ಆಗದ ಸಣ್ಣ ಲೋಪ ಇಲ್ಲಿ ಎದ್ದು ಕಾಣುತ್ತದೆ.

ಹಳೆಯ ಗಾಡಿಯಲ್ಲಿ ನಾನು ಮೊದಲು ಅನುಮಾನಿಸುವುದು ಗಾಳಿಯ ಸೋರಿಕೆಯನ್ನು. ಪೆಟ್ರೋಲ್ ಪೂರ್ತಿ ಉರಿಯಲು 1 ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಬಿಸಿಗೆ ಒಣಗಿ ಬಿರುಕು ಬಿಟ್ಟ ಒಂದು ರಬ್ಬರ್ ಪೈಪ್ ಈ ಲೆಕ್ಕವನ್ನು ಕೆಡಿಸಿಬಿಡುತ್ತದೆ. ಥ್ರಾಟಲ್ ಮುಚ್ಚಿರುವಾಗ ಮ್ಯಾನಿಫೋಲ್ಡ್ ಜೋರಾಗಿ ಎಳೆಯುತ್ತಿರುತ್ತದೆ, ಹಾಗಾಗಿ ಬಿರುಕಿನಿಂದ ನುಗ್ಗುವ ಗಾಳಿ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲು ಆಗುತ್ತದೆ. ಥ್ರಾಟಲ್ ತೆರೆದು ಓಡುವಾಗ ಎಳೆತವೂ ಕಡಿಮೆ, ಒಳಗೆ ಬರುವ ಗಾಳಿಯೂ ಜಾಸ್ತಿ. ಆಗ ಅದೇ ಬಿರುಕು ಲೆಕ್ಕಕ್ಕೇ ಇಲ್ಲ. 2,000 ಆರ್‌ಪಿಎಂಗೆ ಏರಿಸಿದ ಕೂಡಲೇ ನಡುಕ ಮಾಯವಾದರೆ ಮೊದಲು ಪೈಪುಗಳನ್ನು ನೋಡಿ. ಸುಟ್ಟ ಹೊಗೆಯ ಸ್ವಲ್ಪ ಭಾಗವನ್ನು ಇಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೂ ಲಕ್ಷಣ ಹೀಗೇ ಇರುತ್ತದೆ. ಆ ಹೊಗೆ ಬೇಡದಾಗಲೂ ಒಳಗೆ ಸೇರಿ ಬೆಂಕಿಯನ್ನು ಮಂದ ಮಾಡುತ್ತದೆ.

ಸೋರಿಕೆ ಹುಡುಕಲು ಕಿವಿಯೇ ಮೊದಲ ಸಾಧನ. ಬಾನೆಟ್ ತೆಗೆದರೆ ಸುಯ್ಯೆನ್ನುವ ಸದ್ದು ಕೇಳಬಹುದು. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ಗೆ ಮ್ಯಾನಿಫೋಲ್ಡ್‌ನಿಂದ ಹೋಗುವ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಇಂಜಿನ್ ತಕ್ಷಣ ಸಮ ಆದರೆ ಸೋರಿಕೆ ಆ ಕಡೆಯೇ ಇದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿಗೆ, ವೈರು ಪ್ಲಗ್‌ಗಳಿಗೆ ತಾಗದ ಹಾಗೆ, ಸ್ವಲ್ಪ ನೀರು ಸಿಂಪಡಿಸಿ ನೋಡಬಹುದು. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿದರೆ ಇಂಜಿನ್ ಸದ್ದು ಬದಲಾಗುತ್ತದೆ. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವವರೂ ಇದ್ದಾರೆ. ಬಿಸಿ ಇಂಜಿನ್ ಮೇಲೆ ಹಾಗೆ ಮಾಡಿದರೆ ಬೆಂಕಿ ಹತ್ತಿಕೊಳ್ಳಬಹುದು, ದಯವಿಟ್ಟು ಬೇಡ. ಈ ಪರೀಕ್ಷೆಗಳನ್ನು ಬಯಲಲ್ಲೇ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಇನ್ನೊಂದು ಬಗೆಯ ತೊಂದರೆ ನನಗೆ ತುಂಬಾ ಕುತೂಹಲದ್ದು. ಅಲ್ಲಿ ನಡುಕ ಇರುವುದಿಲ್ಲ. ಆರ್‌ಪಿಎಂ ಒಂದೇ ಲಯದಲ್ಲಿ ಏರಿ ಇಳಿಯುತ್ತಿರುತ್ತದೆ. ಇಂಜೆಕ್ಷನ್ ಇರುವ ಕಾರಿನಲ್ಲಿ ಥ್ರಾಟಲ್ ಮುಚ್ಚಿದ್ದೂ ಇಂಜಿನ್ ಜೋರಾಗಿ ಸುತ್ತುತ್ತಿದ್ದರೆ, ಗಾಡಿ ಇಳಿಜಾರಿನಲ್ಲಿ ಇದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಬೀಳುತ್ತದೆ. ಮತ್ತೆ ಪೆಟ್ರೋಲ್ ಕೊಡುತ್ತದೆ. ಸೋರಿಕೆಯ ಗಾಳಿಯಿಂದ ವೇಗ ಮತ್ತೆ ಏರುತ್ತದೆ. ಹೀಗೇ ಸುತ್ತು ಮುಂದುವರಿಯುತ್ತದೆ. ಐಡ್ಲಿಂಗ್ ವೇಗಕ್ಕೆ ಬೇಕಾದ ಗಾಳಿಯನ್ನು ಹೊಂದಿಸುವ ಐಡಲ್ ವಾಲ್ವ್‌ಗೆ ಮಸಿ ಕಟ್ಟಿ ಅದು ತಡವಾಗಿ ಅಲುಗಾಡಿದರೂ ಇದೇ ಕಥೆ, ತಿದ್ದುಪಡಿ ತಡವಾದಷ್ಟೂ ತೂಗಾಟ ಜಾಸ್ತಿ. ಉಗಿಯಂತ್ರಗಳ ವೇಗ ಕಾಯುವ ಗವರ್ನರ್‌ಗಳಲ್ಲೂ ಇಂಥದೇ ತೂಗಾಟ ಇತ್ತು. ಅದು ಯಾವಾಗ ತಣಿಯುತ್ತದೆ, ಯಾವಾಗ ಬೆಳೆಯುತ್ತದೆ ಅಂತ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲೇ ಗಣಿತದಿಂದ ತೋರಿಸಿದ್ದ. ಹಳೆಯ ಕಾರಿನ ಬಾನೆಟ್ ಕೆಳಗೆ ಆ ಗಣಿತ ಈಗಲೂ ಕೆಲಸ ಮಾಡುತ್ತಿದೆ ಅನ್ನೋದು ನನಗೆ ಬಹಳ ಇಷ್ಟದ ವಿಷಯ.

ಒಂದೇ ಸಿಲಿಂಡರ್ ಕೆಲಸ ಮಾಡದಿದ್ದರೆ ಲಯ ಬೇರೆ. ನಾಲ್ಕು ಸಿಲಿಂಡರ್ ಇಂಜಿನ್ 800 ಆರ್‌ಪಿಎಂನಲ್ಲಿದ್ದಾಗ ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಸಲ ಉರಿಯಬೇಕು. ಒಂದು ಸಿಲಿಂಡರ್ ಸತ್ತರೆ ಸೆಕೆಂಡಿಗೆ ಆರೇಳು ಸಲ ಕುಲುಕಿದ ಹಾಗಾಗುತ್ತದೆ. ಸೀಟಿನಲ್ಲಿ ಕೂತರೇ ಗೊತ್ತಾಗುತ್ತದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ವೈರ್ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕುತ್ತಾ ಹೋದರೆ ಯಾವುದು ಅಂತ ಸಿಗುತ್ತದೆ. ಒಳ್ಳೆಯ ಸಿಲಿಂಡರಿನದು ಬಿಚ್ಚಿದಾಗ ವೇಗ ಇಳಿಯುತ್ತದೆ. ಸತ್ತದ್ದನ್ನು ಬಿಚ್ಚಿದರೆ ಏನೂ ಆಗುವುದಿಲ್ಲ. ಪ್ಲಗ್ ವೈರನ್ನು ಮಾತ್ರ ಕೈಯಲ್ಲಿ ಎಳೆಯಬೇಡಿ, ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ.

ಕಾರ್ಬುರೇಟರ್ ಗಾಡಿಯಲ್ಲಿ ಐಡ್ಲಿಂಗ್‌ಗೆ ಪ್ರತ್ಯೇಕ ಸಣ್ಣ ದಾರಿ ಇರುತ್ತದೆ. ಅಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಇಂಜಿನ್ ಸದ್ದು ಬದಲಾಗದಿದ್ದರೆ ಆ ದಾರಿಯಲ್ಲಿ ಕಸ ಸೇರಿರಬಹುದು. ಇಂಜಿನ್ ಬಿಸಿಯಾದ ಮೇಲಷ್ಟೇ, ಇಲ್ಲವೇ ತಣ್ಣಗಿದ್ದಾಗಷ್ಟೇ ತೊಂದರೆ ಕೊಡುವ ಇಂಜೆಕ್ಷನ್ ಗಾಡಿಯಲ್ಲಿ ಇಂಜಿನ್ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ನೋಡಬೇಕು. ಇಂಜಿನ್ ಸರಿಯಾಗೇ ಸುತ್ತುತ್ತಿದ್ದು ಸ್ಟೇರಿಂಗ್ ಮಾತ್ರ ನಡುಗಿದರೆ ಇಂಜಿನ್ನನ್ನು ಗಾಡಿಗೆ ಕೂರಿಸುವ ಮೌಂಟ್ ರಬ್ಬರ್ ಸವೆದಿರುವ ಸಾಧ್ಯತೆ ಜಾಸ್ತಿ.

ಸತ್ತ ಸಿಲಿಂಡರ್‌ಗೆ ಪ್ಲಗ್, ಕಿಡಿ, ಪೆಟ್ರೋಲ್ ಎಲ್ಲ ಸರಿಯಾಗಿದ್ದರೆ ಉಳಿದದ್ದು ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರ್ ಒಳಗೆ ಒತ್ತಿ ಹಿಡಿಯುವ ಒತ್ತಡ. ಗೇಜ್ ಹಾಕಿದಾಗ ಅದೊಂದರಲ್ಲೇ ಒತ್ತಡ ಕಡಿಮೆ ತೋರಿಸಿದರೆ, ಪ್ಲಗ್ ತೂತಿನಿಂದ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ, ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದೇ ಇರುವುದೂ ಉಂಟು. ಸಿಲಿಂಡರ್ ಹೆಡ್ ಬಿಚ್ಚುವ ಮೊದಲು ಆ ಅಂತರವನ್ನು ಅಳೆದು ನೋಡಬೇಕು.