ಹುಳುಕಡ್ಡಿ ಯಾವ ಮಾತ್ರೆಗೆ ಬಗ್ಗುತ್ತದೆ?

ಹುಳುಕಡ್ಡಿಗೆ ಟರ್ಬಿನಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆ ಕೊಟ್ಟರೆ ಸಾಕು, ಕೆಲವು ವಾರಗಳಲ್ಲಿ ವಾಸಿ ಎಂದು ವೈದ್ಯರು ಧೈರ್ಯವಾಗಿ ಹೇಳುತ್ತಿದ್ದ ಕಾಲ ಒಂದಿತ್ತು. ಈಗ ಮಾತ್ರೆ ಪೂರ್ತಿ ಮುಗಿಸಿದವರಲ್ಲೂ ಎಷ್ಟೋ ಜನರಿಗೆ ತುರಿಕೆ ನಿಲ್ಲುತ್ತಿಲ್ಲ. ನಮ್ಮ ದೇಶದಲ್ಲಿ ಜಾಸ್ತಿ ಹರಡಿರುವ ಟ್ರೈಕೋಫೈಟಾನ್ ಇಂಡೊಟಿನಿಯೆ ಎಂಬ ಶಿಲೀಂಧ್ರ ಇದಕ್ಕೊಂದು ದೊಡ್ಡ ಕಾರಣ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಈ ಹೆಸರಿಟ್ಟರು. 2023ರಲ್ಲಿ ನ್ಯೂಯಾರ್ಕಿನಿಂದಲೂ ಇದರ ಸೋಂಕಿನ ವರದಿ ಬಂತು.

ಶಿಲೀಂಧ್ರದ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕೇ ಬೇಕು. ಅದನ್ನು ತಯಾರಿಸುವ ಒಂದು ಕಿಣ್ವವನ್ನು ಟರ್ಬಿನಫಿನ್ ತಡೆಯುತ್ತದೆ. ಆ ಕಿಣ್ವದ 397ನೇ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಔಷಧಿಗೆ ಹಿಡಿತ ಸಿಗುವುದಿಲ್ಲ. ಇಟ್ರಾಕೊನಜೋಲ್ ಎಂಬ ಇನ್ನೊಂದು ಔಷಧಿ ತಡೆಯುವುದು ಬೇರೊಂದು ಕಿಣ್ವವನ್ನು. ಹಾಗಾಗಿ ಒಂದು ಸೋತ ಕಡೆ ಇನ್ನೊಂದು ಗೆಲ್ಲಬಹುದು. ಯಾರಿಗೆ ಯಾವುದು ಎಂಬ ಸುಳಿವು ಪ್ರಯೋಗಾಲಯದಲ್ಲಿ ಸಿಗುತ್ತದೆ.

ಕೆಲಸ ನಿಧಾನದ್ದು. ಚರ್ಮದ ಹೊಟ್ಟನ್ನು ಕೆರೆದು ತೆಗೆದು, ಅದರಲ್ಲಿರುವ ಶಿಲೀಂಧ್ರವನ್ನು ಮೊದಲು ಬೆಳೆಸಬೇಕು. ಅದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಆಮೇಲೆ ಬೀಜಕಣ ಬೇಕು. ಹುಳುಕಡ್ಡಿ ತರುವ ಇನ್ನೊಂದು ಶಿಲೀಂಧ್ರ ಟ್ರೈಕೋಫೈಟಾನ್ ರೂಬ್ರಮ್ ಅಷ್ಟು ಸುಲಭವಾಗಿ ಬೀಜಕಣ ಕೊಡುವುದಿಲ್ಲ; ಅದನ್ನು ಓಟ್ಸ್ ಬೆರೆಸಿದ ಅಗರ್ ಮೇಲೆ ಬೆಳೆಸುತ್ತಾರೆ. ನಂತರ 96 ಕುಳಿಗಳ ಪ್ಲಾಸ್ಟಿಕ್ ತಟ್ಟೆ ಬರುತ್ತದೆ. ಒಂದು ಕುಳಿಯಿಂದ ಮುಂದಿನದಕ್ಕೆ ಔಷಧಿ ಅರ್ಧರ್ಧ ಕಡಿಮೆಯಾಗುತ್ತಾ ಹೋಗುತ್ತದೆ. ಎಲ್ಲದಕ್ಕೂ ಎಣಿಸಿದ ಬೀಜಕಣ ಹಾಕಿ, 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ನಾಲ್ಕು ದಿನ ಇಡುತ್ತಾರೆ. ಔಷಧಿಯೇ ಇಲ್ಲದ ಕುಳಿಯ ಜೊತೆ ಹೋಲಿಸಿ, ಬೆಳವಣಿಗೆ 80 ಶೇಕಡಾ ತಗ್ಗಿದ ಅತಿ ಕಡಿಮೆ ಪ್ರಮಾಣ ಯಾವುದು ಎಂದು ನೋಡುತ್ತಾರೆ. ಇದು ಪ್ರಯೋಗಾಲಯಗಳಿಗೆ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐನ ವಿಧಾನ. ಶಿಲೀಂಧ್ರ ಬೆಳೆದಷ್ಟೂ ಕುಳಿಯಲ್ಲಿನ ದ್ರವ ಮಸುಕಾಗುತ್ತದೆ; ಆ ಮಸುಕು ಎಷ್ಟಿದೆ ಎಂದು ಕಣ್ಣಲ್ಲೇ ಅಂದಾಜು ಮಾಡುವುದರಿಂದ ಪಳಗಿದ ಕಣ್ಣೇ ಬೇಕು. ಯುರೋಪಿನ ವಿಧಾನದಲ್ಲಿ ಮಸುಕನ್ನು ಯಂತ್ರ ಅಳೆಯುತ್ತದೆ.

ಔಷಧಿಗೆ ಬಗ್ಗುವ ತಳಿ ಮಿಲಿಲೀಟರಿಗೆ 0.03 ಮೈಕ್ರೋಗ್ರಾಂ ಆಸುಪಾಸಿನ ಟರ್ಬಿನಫಿನ್‌ಗೇ ನಿಲ್ಲುತ್ತದೆ. ಬಗ್ಗದ ತಳಿ 1 ಮೈಕ್ರೋಗ್ರಾಂ ಹಾಕಿದರೂ ಬೆಳೆಯುತ್ತಿರಬಹುದು. ಅಂತರ ಎಷ್ಟು ದೊಡ್ಡದು ಅಲ್ವಾ? ಆದರೂ ಈ ಅಂಕಿಯೊಂದನ್ನೇ ನಂಬಿ ಕೂರುವಂತಿಲ್ಲ. ತಟ್ಟೆಯಲ್ಲಿ ಚರ್ಮವಿಲ್ಲ. ಸ್ಟೆರಾಯ್ಡ್ ಬೆರೆತ ಕ್ರೀಮು ಹಚ್ಚಿಕೊಂಡು ಸೋಂಕು ಹೆಚ್ಚಿಸಿಕೊಂಡವರ ಕಥೆಯೂ ಅಲ್ಲಿ ಕಾಣುವುದಿಲ್ಲ.

ಪ್ರತಿ ಹುಳುಕಡ್ಡಿಗೂ ಈ ಪರೀಕ್ಷೆ ಬೇಕಿಲ್ಲ. ಆದರೆ ಸರಿಯಾಗಿ ಮಾತ್ರೆ ತೆಗೆದುಕೊಂಡರೂ ವಾಸಿಯಾಗದವರಿಗೆ, ಸುಮ್ನೆ ಡೋಸ್ ಏರಿಸುವ ಮೊದಲು ಇದನ್ನು ಮಾಡಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಯಾಂಪಲ್ ಕೊಡುವ ಮುಂಚೆ ಕ್ರೀಮು ಎಷ್ಟು ದಿನ ನಿಲ್ಲಿಸಬೇಕು ಎಂದು ವೈದ್ಯರನ್ನು ಕೇಳಿ. ಹಚ್ಚುತ್ತಲೇ ಇದ್ದರೆ ಸೋಂಕಿದ್ದರೂ ಪ್ರಯೋಗಾಲಯದಲ್ಲಿ ಏನೂ ಬೆಳೆಯದೇ ಹೋಗಬಹುದು.