ಕೆಟಲ್ ಸೋರುವುದು ಎಲ್ಲಿಂದ?

ಎಲೆಕ್ಟ್ರಿಕ್ ಕೆಟಲ್ ಸೋರಿದಾಗ ಹನಿ ಬೀಳುವ ಜಾಗವನ್ನೇ ತೂತು ಅಂದುಕೊಳ್ಳುತ್ತೇವೆ. ನೀರು ಅಷ್ಟು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಅದು ಮೈಗೆ ಅಂಟಿಕೊಂಡೇ ಇಳಿಯುತ್ತದೆ, ಸಂದು ಸಿಕ್ಕಲ್ಲಿ ನುಸುಳುತ್ತದೆ, ಕೊನೆಗೆ ಅಂಚು ಸಿಕ್ಕ ಕಡೆ ಹನಿಯಾಗಿ ಉದುರುತ್ತದೆ. ಹಿಡಿಯ ಹತ್ತಿರದ ಬಿರುಕಿನ ನೀರು ತಳದಲ್ಲಿ ಕಾಣಿಸಿಕೊಳ್ಳಬಹುದು.

ಹುಡುಕುವ ಮೊದಲು ಕೈ ಒರೆಸಿಕೊಂಡು, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ. ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯದು, ನಿಜ. ಆದರೆ ನಾವು ಕಾಯಿಸುವ ನೀರಿನಲ್ಲಿ ಲವಣಗಳು ಕರಗಿರುತ್ತವೆ, ಅದರಲ್ಲಿ ಹರಿಯುತ್ತದೆ. 230 ವೋಲ್ಟಿನಲ್ಲಿ 1500 ವ್ಯಾಟಿನ ಕೆಟಲ್ ಸುಮಾರು 6.5 ಆಂಪ್ ಎಳೆಯುತ್ತದೆ. ಅದರ ಇನ್ನೂರರಲ್ಲಿ ಒಂದು ಪಾಲು, ಅಂದರೆ 30 ಮಿಲಿಆಂಪಿನಷ್ಟು ನಮ್ಮ ಮೈಯೊಳಗೆ ಹರಿದರೂ ಜೀವಕ್ಕೆ ಅಪಾಯ. ಒಂದೆರಡು ಹನಿ ತಾನೇ ಅಂತ ಸುಮ್ನೆ ಬಿಡಬೇಡಿ.

ಈಗ ಕೆಟಲಿನ ಹೊರಮೈ ಒಣಗಿಸಿ, ಟಿಶ್ಯೂ ಕಾಗದದ ಮೇಲಿಟ್ಟು, ಮುಕ್ಕಾಲು ಭಾಗ ತಣ್ಣೀರು ತುಂಬಿ. ಕೆಲವು ಗಂಟೆ ಬಿಡಿ. ನೀರು ಸೋರುತ್ತಾ ಸೋರುತ್ತಾ ಒಂದು ಮಟ್ಟಕ್ಕೆ ಬಂದು ನಿಂತಿತು ಅನ್ನಿ. ತೂತು ಇರುವುದು ಹೆಚ್ಚುಕಡಿಮೆ ಆ ಎತ್ತರದಲ್ಲೇ! ಅದಕ್ಕಿಂತ ಕೆಳಗಿನ ನೀರು ಮೇಲೆ ಹತ್ತಿ ಹೊರಗೆ ಬರಲಾರದು, ಅಲ್ವಾ? ಮಟ್ಟ ತೋರಿಸುವ ಪಾರದರ್ಶಕ ಕಿಟಕಿಯ ಅಂಚಿನಲ್ಲಿ ನಿಂತರೆ, ಅನುಮಾನ ಆ ಕಿಟಕಿಯ ಸೀಲಿನ ಮೇಲೆ.

ತಣ್ಣೀರಿಗೆ ಸೋರದ ಕೆಟಲ್ ಬಿಸಿನೀರಿಗೆ ಸೋರಬಹುದು. ಬಿಸಿಯಾದಾಗ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಜಾಸ್ತಿ ಹಿಗ್ಗುತ್ತದೆ. ಅವೆರಡರ ನಡುವಿನ ಸೀಲು ದಿನಕ್ಕೆ ನಾಲ್ಕಾರು ಸಲ ಈ ಎಳೆದಾಟ ತಾಳಿಕೊಳ್ಳಬೇಕು. ವರ್ಷಗಟ್ಟಲೆ ತಾಳಿ ಕೊನೆಗೆ ಸೋಲುತ್ತದೆ. ಬೇರೆ ಪಾತ್ರೆಯಲ್ಲಿ ಕಾಯಿಸಿದ ನೀರು ಹುಯ್ದು ಇದನ್ನೂ ನೋಡಿ. ಕೆಟಲಿಗೆ ಕರೆಂಟ್ ಕೊಟ್ಟು ಪರೀಕ್ಷೆ ಮಾತ್ರ ಬೇಡ.

ನನಗೆ ಬಹಳ ಕುತೂಹಲ ಹುಟ್ಟಿಸುವುದು ಒಳಗಿನ ಬಿಳಿ ಪದರ. ಗಡಸು ನೀರು ಕಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರ್ಪಟ್ಟು ಲೋಹಕ್ಕೆ ಅಂಟುತ್ತದೆ. ಸಿಟ್ರಿಕ್ ಆಸಿಡ್ ಹಾಕಿದರೆ ನೊರೆ ಬಂದು ಕರಗುತ್ತದೆ. ಕೆಲವೊಮ್ಮೆ ಹೀಗೆ ತೊಳೆದ ಮೇಲೆಯೇ ಸೋರಿಕೆ ಶುರುವಾಗುತ್ತದೆ. ಆಸಿಡ್ಡೇ ತೂತು ಮಾಡಿತು ಅಂತ ಬೈದುಕೊಳ್ಳುತ್ತೇವೆ. ಸಂದು ಎಂದೋ ಬಿಟ್ಟಿತ್ತು, ಸುಣ್ಣವೇ ಅದಕ್ಕೆ ಬೆಣೆಯಾಗಿ ಕೂತಿತ್ತು ಅಂತಲೂ ಇರಬಹುದು.

ಯಾವ ದೋಷವೂ ಇಲ್ಲದೆ ಸೋರುವುದೂ ಉಂಟು. ನೀರು ಕುದಿದಾಗ ಸ್ವಿಚ್ ತಾನಾಗಿ ಆರುವುದು ಹಬೆಯ ಬಿಸಿಗೆ ಒಂದು ಲೋಹದ ಪಟ್ಟಿ ಬಾಗುವುದರಿಂದ. ಹಲವು ಕೆಟಲುಗಳಲ್ಲಿ ಆ ಹಬೆ ಮೇಲಿನ ರಂಧ್ರದಿಂದ ಸ್ವಿಚ್ಚಿನ ಕಡೆಗೆ ಹೋಗುತ್ತದೆ. ಮ್ಯಾಕ್ಸ್ ಗೆರೆ ದಾಟಿ ತುಂಬಿದರೆ ಕುದಿಯುವ ನೀರೂ ಅದೇ ದಾರಿ ಹಿಡಿಯುತ್ತದೆ. ಇದಕ್ಕೆ ಮದ್ದು ಸುಲಭ: ಪೂರ್ತಿ ಒಣಗಿಸಿ, ಮುಂದೆ ಕಡಿಮೆ ತುಂಬಿ.

ತಳದಿಂದ ಸೋರಿದರೆ ಮಾತ್ರ ಅಂಟು ಮೆತ್ತಿ ಉಳಿಸಿಕೊಳ್ಳಲು ಹೋಗಬೇಡಿ. ಕುದಿನೀರಿಗೆ ಬಹಳಷ್ಟು ಅಂಟುಗಳು ಮೆತ್ತಗಾಗುತ್ತವೆ, ಅದರ ಅಂಶ ಕುಡಿಯುವ ನೀರಿಗೂ ಸೇರಬಹುದು. ಕೆಳಗೇ ವಿದ್ಯುತ್ ಸಂಪರ್ಕಗಳಿವೆ. ಗ್ಯಾರಂಟಿ ಇದ್ದರೆ ಬದಲಾಯಿಸಿಕೊಳ್ಳಿ. ಇಲ್ಲದಿದ್ದರೆ ಇ-ತ್ಯಾಜ್ಯಕ್ಕೆ ಕೊಡಿ. ಕೊಡುವ ಮುಂಚೆ, ಪ್ಲಗ್ ಹೊರಗಿದೆ ಅಂತ ಮತ್ತೊಮ್ಮೆ ನೋಡಿಕೊಂಡು, ವೈರನ್ನು ಕತ್ತರಿಸಿಬಿಡಿ. ಆಗ ಇನ್ಯಾರೂ ಅದನ್ನು ಎತ್ತಿಕೊಂಡು ಹೋಗಿ ನೀರು ಕಾಯಿಸಲಾರರು.