ಮಣಿಕಟ್ಟಿನ ಸ್ಥಾನದ ಅರಿವು: ಹಾಗೆಂದರೇನು, ಅಳೆಯುವುದು ಹೇಗೆ?

ಶಿರಸಿ ಕಡೆ ಅಡಿಕೆ ಸುಗ್ಗಿ ಬಂತೆಂದರೆ ರಾತ್ರಿಯವರೆಗೂ ಸುಲಿಯುವ ಕೆಲಸ. ನಮ್ಮ ಅತ್ತೆ ಮೆಟ್ಟುಗತ್ತಿಯ ಮುಂದೆ ಕೂತರೆ ಅವರ ಕಣ್ಣು ಎದುರಿಗೆ ಮಾತಾಡುತ್ತಿರುವವರ ಮುಖದ ಮೇಲಿರುತ್ತದೆ. ಕೈ ಅದರ ಪಾಡಿಗೆ ಅಡಿಕೆಯನ್ನು ಅಲಗಿಗೆ ಒತ್ತುತ್ತದೆ, ಮಣಿಕಟ್ಟು ಒಂಚೂರು ಬಾಗುತ್ತದೆ, ಸಿಪ್ಪೆ ಬಿಡುತ್ತದೆ. ಬಾಗುವುದು ಸ್ವಲ್ಪ ಜಾಸ್ತಿಯಾದರೂ ಬೆರಳಿಗೇ ಗಾಯ. ನೋಡದೆ ಹೇಗೆ ಸುಲಿಯುತ್ತೀರಿ ಅತ್ತೆ ಎಂದು ಕೇಳಿದರೆ, "ಕೈಗೇ ಗೊತ್ತಿರ್ತು" ಅನ್ನುತ್ತಾರೆ.

ಕೈಗೆ ಗೊತ್ತಿರುವ ಈ ಸಂಗತಿಗೆ ಫಿಸಿಯೋಥೆರಪಿಯಲ್ಲಿ 'ಜಾಯಿಂಟ್ ಪೊಸಿಷನ್ ಸೆನ್ಸ್' ಎಂಬ ಹೆಸರಿದೆ. ಕಣ್ಣಿನ ಸಹಾಯವಿಲ್ಲದೆ, ಕೀಲು ಈಗ ಎಷ್ಟು ಬಾಗಿದೆ, ಯಾವ ಕಡೆಗಿದೆ ಎಂದು ತಿಳಿಯುವ ಶಕ್ತಿ ಅದು. ಕನ್ನಡದಲ್ಲಿ 'ಸ್ಥಾನಪ್ರಜ್ಞೆ' ಅನ್ನಬಹುದು. ಆದರೆ ಪ್ರಜ್ಞೆ ಅಂದಕೂಡಲೇ ನಮಗೆ ನೆನಪಾಗುವುದು ಪ್ರಜ್ಞೆ ತಪ್ಪುವುದು, ಅಲ್ವಾ? ಅದಕ್ಕೇ ನನಗೆ 'ಸ್ಥಾನದ ಅರಿವು' ಹೆಚ್ಚು ಹಿಡಿಸುತ್ತದೆ. ಇದು 'ಪ್ರೊಪ್ರಿಯೊಸೆಪ್ಷನ್', ಅಂದರೆ ಮೈಯ ಭಾಗಗಳು ಎಲ್ಲಿವೆ, ಹೇಗೆ ಚಲಿಸುತ್ತಿವೆ ಎಂದು ನೋಡದೆಯೇ ತಿಳಿಯುವ ದೊಡ್ಡ ಅರಿವಿನ ಒಂದು ಭಾಗ. ಆ ಪದವನ್ನು 1906ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್.

ಕೀಲು ಎಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ಮುಖ್ಯ ಕೆಲಸ ಸ್ನಾಯುಗಳದು. ಸ್ನಾಯುವಿನೊಳಗೆ 'ಮಸಲ್ ಸ್ಪಿಂಡಲ್' ಎಂಬ ಸಣ್ಣ ಸಣ್ಣ ಅಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿದೆ ಎಂಬುದನ್ನು ಅವು ನರಗಳ ಮೂಲಕ ಮೆದುಳಿಗೆ ತಿಳಿಸುತ್ತಲೇ ಇರುತ್ತವೆ. ಚರ್ಮ, ಕೀಲಿನ ಸುತ್ತಲಿನ ಕಟ್ಟುಗಳೂ ಜೊತೆಗೂಡುತ್ತವೆ.

ಈಗ ಅಳೆಯುವ ವಿಷಯ. ಮೊದಲು ಬಳೆ, ವಾಚು ತೆಗೆಸಬೇಕು. ಬಳೆ ಜಾರಿದರೆ, ಸದ್ದು ಮಾಡಿದರೆ, ಕೈ ಎಲ್ಲಿದೆ ಎಂದು ಅದೇ ಹೇಳಿಕೊಟ್ಟಂತೆ. ಮುಂಗೈಯನ್ನು ಮೇಜಿನ ಮೇಲೆ ಊರಿ, ಕಣ್ಣು ಮುಚ್ಚಿಸುತ್ತಾರೆ. ಕೋನ ಅಳೆಯುವ ಗೋನಿಯೋಮೀಟರ್ ಹಿಡಿದು ಮಣಿಕಟ್ಟನ್ನು, 30 ಡಿಗ್ರಿ ಅಂದುಕೊಳ್ಳಿ, ಅಷ್ಟು ಮೇಲಕ್ಕೆ ಎತ್ತಿ ಕೆಲವು ಸೆಕೆಂಡ್ ಅಲ್ಲೇ ನಿಲ್ಲಿಸುತ್ತಾರೆ. ಮತ್ತೆ ನೇರಕ್ಕೆ ತರುತ್ತಾರೆ. "ಅಕ್ಕ, ಕಣ್ಣು ತೆಗೀಬೇಡಿ. ಈಗ ನೀವೇ ಅದೇ ಜಾಗಕ್ಕೆ ಕೈ ತನ್ನಿ." ಕೈ ಎಲ್ಲಿ ನಿಂತಿತೋ ಅದಕ್ಕೂ 30ಕ್ಕೂ ಇರುವ ಅಂತರವೇ ತಪ್ಪಿನ ಅಳತೆ.

ಮೂರು ಸಲ ಮಾಡಿಸಿದಾಗ 26, 33, 28 ಬಂತು ಅನ್ನೋಣ. ಕಡಿಮೆಯೋ ಜಾಸ್ತಿಯೋ ನೋಡದೆ, ತಪ್ಪಿದ್ದು 4, 3, 2. ಸರಾಸರಿ 3 ಡಿಗ್ರಿ. ಇದಕ್ಕೆ 'ಆಬ್ಸೊಲ್ಯೂಟ್ ಎರರ್' ಎನ್ನುತ್ತಾರೆ. ಕೂಡುವ, ಕಳೆಯುವ ಚಿಹ್ನೆ ಉಳಿಸಿಕೊಂಡು ಲೆಕ್ಕ ಹಾಕಿದರೆ ಬರುವುದು ಬರೀ ಮೈನಸ್ 1. ಇದು 'ಕಾನ್ಸ್ಟಂಟ್ ಎರರ್'. ಕೈ ಗುರಿಗಿಂತ ಹಿಂದೆಯೇ ನಿಲ್ಲುತ್ತದೋ, ದಾಟಿ ಹೋಗುತ್ತದೋ ಎಂಬುದು ಇದರಲ್ಲಿ ಗೊತ್ತಾಗುತ್ತದೆ. ಆದರೆ ಆಚೆಯ ತಪ್ಪು, ಈಚೆಯ ತಪ್ಪು ಒಂದನ್ನೊಂದು ನುಂಗಿಬಿಡುತ್ತವೆ. ಅದಕ್ಕೇ ಎರಡನ್ನೂ ನೋಡಬೇಕು.

ಒಂದು ತೊಡಕಿದೆ. ಆರೋಗ್ಯವಂತರು ತಪ್ಪುವುದೇ ಕೆಲವು ಡಿಗ್ರಿ. ಕೈಯಲ್ಲಿ ಹಿಡಿದು ಓದುವ ಗೋನಿಯೋಮೀಟರಿನಲ್ಲಿ, ಓದುವವರು ಬದಲಾದರೆ ಅಷ್ಟೇ ವ್ಯತ್ಯಾಸ ಬಂದುಬಿಡಬಹುದು. ಹಾಗಾಗಿ ಒಬ್ಬರೇ ಅಳೆಯಬೇಕು, ಹಲವು ಸಲ ಅಳೆಯಬೇಕು. ಇಲ್ಲದಿದ್ದರೆ ಆ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಏನೂ ತೊಂದರೆ ಇಲ್ಲದವರನ್ನು ಸುಮ್ನೆ ಯಾಕೆ ಅಳೆಯಬೇಕು? ಕಾರವಾರ, ಕುಮಟಾದ ಮಳೆಗಾಲ ಕಂಡವರಿಗೆ ಪಾಚಿ ಕಟ್ಟಿದ ಅಂಗಳ ಗೊತ್ತು. ಜಾರಿದರೆ ಮೊದಲು ನೆಲಕ್ಕೆ ಕೊಡುವುದು ಅಂಗೈ. ಮುರಿಯುವುದು ಮಣಿಕಟ್ಟಿನ ಹತ್ತಿರದ ಎಲುಬು. ಪ್ಲಾಸ್ಟರ್ ಬಿಚ್ಚಿದ ಮೇಲೆ ಎಕ್ಸ್‌ರೇಯಲ್ಲಿ ಎಲುಬು ಕೂಡಿರುತ್ತದೆ. ಆದರೂ ಚಾ ಲೋಟ ಎತ್ತುವಾಗ ಕೈ ಹದ ತಪ್ಪಬಹುದು. ಸ್ಥಾನದ ಅರಿವು ಎಷ್ಟು ಕೆಟ್ಟಿದೆ ಎಂದು ಹೇಳಬೇಕಾದರೆ, ಸರಿಯಿರುವ ಮಣಿಕಟ್ಟು ಎಷ್ಟು ತಪ್ಪುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಆಚೆ ಕೈಗೆ ಹೋಲಿಸಬಹುದು, ನಿಜ. ಆದರೆ ಎರಡೂ ಕೈಗೆ ಪೆಟ್ಟಾದವರಿಗೆ ಅದೂ ಇಲ್ಲ. ಅಂಥವರಿಗೆ ಅವರದೇ ವಯಸ್ಸಿನ ಆರೋಗ್ಯವಂತರ ಅಂಕಿಯೇ ಅಳತೆಗೋಲು.